ನಾಲ್ಕರ ಪಕ್ಕ ಹದಿಮೂರು

ಮೈದಾಹಿಟ್ಟಿನ ಅಂಟು ಕುದಿಯುವಾಗ ಹುಳ ಹಿಡಿಯದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ ಬೀಳುತ್ತದಲ್ಲ, ಆಗ ಏಳುವ ಒಗರು ವಾಸನೆಯೇ ಅವಳ ಪಾಲಿಗೆ ತಾಯಿಯ ವಾಸನೆ. ತಾಯಿ ಪ್ರೆಸ್ಸಿನಿಂದ ಹಾಳೆಗಳನ್ನು ಮನೆಗೆ ಹೊತ್ತು ತಂದು, ಮಡಿಸಿ, ಹೊಲಿದು, ಪುಸ್ತಕದ ಬೆನ್ನಿಗೆ ಅಂಟು ಬಳಿದು ಕೊಡುತ್ತಿದ್ದಳು. ಅಂಟು ಬೇಯುತ್ತಿದ್ದುದು ಅಡುಗೆಯ ಒಲೆಯ ಮೇಲೆಯೇ. ಹಿಟ್ಟು ಕುದಿಯುವ ಸದ್ದು ಕೇಳಿದರೆ ಸಾಕು, ಇಬ್ಬರು ಹೆಣ್ಣುಮಕ್ಕಳೂ ತಟ್ಟೆ ಹಿಡಿದು ಬಂದು ಕೂರುತ್ತಿದ್ದರು. ತಾಯಿ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು. ಪ್ರೆಸ್ಸಿನವರು ತೂಕ ಹಾಕಿ ಕೊಟ್ಟ ಆ ಹಿಟ್ಟಿನಲ್ಲೇ ಎರಡು ಸೌಟು ಬೇರೆ ತೆಗೆದು, ಉಪ್ಪು ಹಾಕಿ ತಟ್ಟೆಗೆ ಬಡಿಸಿ, ಆಮೇಲೆ ಉಳಿದದ್ದಕ್ಕೆ ಮೈಲುತುತ್ತ ಹಾಕುತ್ತಿದ್ದಳು. "ಇನ್ಮೇಲೆ ಮುಟ್ಟಬೇಡಿ, ವಿಷ" ಎನ್ನುತ್ತಿದ್ದಳು. ಆ ಎರಡು ಸೌಟಿನ ದೆಸೆಯಿಂದ ಅಂಟು ಸಾಲದೆ ಪುಸ್ತಕದ ಬೆನ್ನು ಬಿಟ್ಟುಕೊಂಡದ್ದೂ ಉಂಟು, ತಾಯಿ ಬೈಸಿಕೊಂಡದ್ದೂ ಉಂಟು.

ಆ ವಾಸನೆ ಮರೆಯದ ಮಗಳಿಗೆ ಈಗ ಐವತ್ನಾಲ್ಕು. ಅವಳೂ ಪುಸ್ತಕ ಕಟ್ಟುವವಳೇ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು ಇರುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಅಂಟಕ್ಕ ಎಂದು ಕರೆಯುತ್ತಿದ್ದರು. ಗಂಡನೂ ಒಮ್ಮೊಮ್ಮೆ ಹಾಗೇ ಕರೆದು ಕಣ್ಣು ಮಿಟುಕಿಸುತ್ತಿದ್ದ.

ಅವಳು ಕೆಲಸ ಮಾಡುತ್ತಿದ್ದುದು ಸದನದ ನಡಾವಳಿ ಅಚ್ಚಾಗುವ ಪ್ರೆಸ್ಸಿನಲ್ಲಿ. ಶಾಸಕರು ಸದನದಲ್ಲಿ ಆಡಿದ ಪ್ರತಿ ಮಾತು, ಹಾಕಿದ ಪ್ರತಿ ಮತ ಅಲ್ಲಿ ಪುಸ್ತಕವಾಗುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅವಳು ಅಲ್ಲಿ ಗುತ್ತಿಗೆಯ ಆಳು. ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುತ್ತಿದ್ದ, ವರ್ಷಕ್ಕೊಮ್ಮೆ ಅವಳು ಹೊಸಬಳಾಗುತ್ತಿದ್ದಳು. ಹೊಲಿಗೆಯ ಮೇಜು ಮಾತ್ರ ಹಳೆಯದು. ಅವಳ ಮೊಣಕೈ ಊರಿ ಊರಿ ಅದರ ಅಂಚಿನಲ್ಲೊಂದು ತಗ್ಗು ಬಿದ್ದಿತ್ತು.

ಗಂಡ ಅದೇ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನು. ಹತ್ತೂ ಬೆರಳು ಉಳಿಸಿಕೊಂಡು ಹೊರಬಂದೆ ಎಂಬುದು ಅವನ ಹೆಮ್ಮೆ. ಬೆರಳು ಉಳಿದವು, ಮೂತ್ರಪಿಂಡ ಹೋಯಿತು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೈಕೊಟ್ಟು ರಕ್ತ ತೊಳೆಸಿಕೊಳ್ಳಬೇಕು. ಮೊದಲು ಅದಕ್ಕೇನೂ ಕಷ್ಟವಿರಲಿಲ್ಲ. ಬೀದಿಯ ಕೊನೆಯ ಸಣ್ಣ ಆಸ್ಪತ್ರೆಯಲ್ಲೇ ಅಂಥ ನಾಲ್ಕು ಯಂತ್ರಗಳಿದ್ದವು. ಪೇಪರು ಹಿಡಿದುಕೊಂಡು ನಡೆದು ಹೋಗಿ, ಮಧ್ಯಾಹ್ನ ನಡೆದು ಬರುತ್ತಿದ್ದ. ಎರಡು ವರ್ಷದ ಹಿಂದೆ ಆ ಕೋಣೆಗೆ ಬೀಗ ಬಿತ್ತು. ಬಾಗಿಲಿಗೆ ಚೀಟಿ ಅಂಟಿಸಿದರು: ಅನುದಾನ ಬಂದಿಲ್ಲ. ಅವತ್ತಿನಿಂದ ಅವನು ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ಎರಡು ಬಸ್ಸು ಬದಲಿಸಿ, ಬೆಳಿಗ್ಗೆ ಆರಕ್ಕೆ ಹೊರಟು, ಸಂಜೆ ಹಿಂಡಿದ ಬಟ್ಟೆಯ ಹಾಗೆ ವಾಪಸು ಬರುತ್ತಿದ್ದ. ಬೀದಿಯಿಂದ ಅವನ ಹಾಗೆಯೇ ಇನ್ನೂ ಹನ್ನೊಂದು ಮಂದಿ ಆ ಬಸ್ಸು ಹತ್ತುತ್ತಿದ್ದರು. ಈಗ ಎಂಟು ಮಂದಿ.

ಬೀಗ ಬಿದ್ದ ತಿಂಗಳಲ್ಲೇ ಆ ಭಾಗದ ಶಾಸಕರು ಬಂದಿದ್ದರು. ಎದುರಿಗಿದ್ದವರ ಕೈಹಿಡಿದೇ ಮಾತಾಡುವುದು ಅವರ ಅಭ್ಯಾಸ. ಹೆಂಗಸರು ಹಿಂದಿನಿಂದ ಅವರನ್ನು ಕೈಹಿಡಿಯೋ ಸಾಹೇಬರು ಎನ್ನುತ್ತಿದ್ದರು. "ಇಡೀ ಬೀದೀನೇ ಕೈಹಿಡಿದವ್ರೆ, ಪಾಪ ಮನೇಲಿ ಹೆಂಡ್ತಿ ಏನಂತಾಳೋ" ಎಂದು ಇಸ್ತ್ರಿ ಅಂಗಡಿಯವಳು ನಗಿಸುತ್ತಿದ್ದಳು.

ಬೀಗ ಹಾಕಿದ ಬಾಗಿಲಿಗೆ ಬೆನ್ನುಕೊಟ್ಟು ನಿಂತು ಅವರು ಹೇಳಿದ ಮಾತು ಅಂಟಕ್ಕನಿಗೆ ಬಾಯಿಪಾಠವಾಗಿತ್ತು.

"ದುಡ್ಡಿಲ್ಲ ಅಂತ ಯಾರು ಹೇಳಿದ್ದು? ದೊಡ್ಡ ದೊಡ್ಡ ಕಂಪನಿಗಳು ಇಲ್ಲಿ ನಿಮ್ಮ ಕೈಲಿ ದುಡಿಸ್ಕೋತಾವೆ. ಲಾಭ ಮಾತ್ರ ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ಬಂತು ಅಂತ ಬರೀತಾವೆ. ಅಲ್ಲಿ ಅವರಿಗೊಂದು ಕಚೇರಿ. ಕಚೇರಿ ಅಂದ್ರೆ ಏನು? ಒಂದು ಬಾಗಿಲು, ಅದರ ಮೇಲೆ ನೂರು ಬೋರ್ಡು. ಇದು ಕಳ್ಳತನ ಅಲ್ವಂತೆ, ಕಾನೂನಲ್ಲೇ ಕಿಂಡಿ ಇದೆಯಂತೆ. ನೀವು ಒಂದು ಸೋಪು ತಗೊಂಡ್ರೂ ತೆರಿಗೆ ಕಟ್ತೀರಿ. ಅವರು ಕಟ್ಟಲ್ಲ. ಆ ಕಿಂಡಿ ಮುಚ್ಚಿಸ್ತೀನಿ. ಮುಚ್ಚಿಸಿದ ದಿನ ಈ ಬೀಗ ನಾನೇ ತೆಗೀತೀನಿ."

ಮಾತು ಮುಗಿಸಿ ಅವರು ಗಂಡನ ಎಡಗೈ ಹಿಡಿದುಕೊಂಡರು. ಅದು ಸೂಜಿ ಚುಚ್ಚುವ ಕೈ, ಒತ್ತಬಾರದ ಕೈ. ಗಂಡ ನೋವು ನುಂಗಿಕೊಂಡು ನಗುತ್ತ ನಿಂತಿದ್ದ. ದೊಡ್ಡವರು ಪ್ರೀತಿಯಿಂದ ಹಿಡಿದ ಕೈಯನ್ನು ಎಳೆದುಕೊಳ್ಳುವುದು ಹೇಗೆ ಎಂದು ಆಮೇಲೆ ಹೇಳಿದ.

ಎರಡು ವರ್ಷ ಕಳೆಯಿತು. ಬೀಗ ಹಾಗೇ ಇತ್ತು. ಚುನಾವಣೆಗೆ ಒಂದು ತಿಂಗಳಿರುವಾಗ, ಒಂದು ಮಂಗಳವಾರ ಬೆಳಿಗ್ಗೆ, ಗಂಡ ಏಳಲಿಲ್ಲ.

"ಬಸ್ಸಿಗೆ ಹೊತ್ತಾಯ್ತು ರೀ."

"ಇವತ್ತು ಬೇಡ ಕಣೇ."

"ಯಾಕೆ, ಜ್ವರಾನಾ?"

"ಜ್ವರ ಇಲ್ಲ. ಸಾಕು ಅನ್ನಿಸಿದೆ. ಈ ಮೆಷಿನ್ನಿಗೆ ರಕ್ತ ಕೊಡೋಕೆ ಬದುಕಿದೀನೋ, ಬಸ್ಸಿಗೆ ಟಿಕೆಟ್ ತಗೊಳ್ಳೋಕೆ ಬದುಕಿದೀನೋ, ಒಂದೂ ತಿಳೀತಿಲ್ಲ."

ಅವಳು ಅತ್ತಳು, ಗದರಿಸಿದಳು, ಅಂಗಿ ತಂದು ಹಾಸಿಗೆಯ ಮೇಲಿಟ್ಟಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಅಂಗಿಯನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು.

ಅವತ್ತೇ ಅವಳ ಮೇಜಿಗೆ ಹೊಸ ಹಾಳೆಗಳು ಬಂದವು.

ಇಲ್ಲಿ ಒಂದು ವಿಷಯ ಹೇಳಬೇಕು. ಪುಸ್ತಕ ಓದುವವರಿಗೆ ಪುಟಗಳು ಒಂದರ ಹಿಂದೊಂದು ಬರುತ್ತವೆ. ಪ್ರೆಸ್ಸಿನಲ್ಲಿ ಹಾಗಿಲ್ಲ. ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಎಂಟು, ಇನ್ನೊಂದು ಮಗ್ಗುಲಿಗೆ ಎಂಟು, ಒಟ್ಟು ಹದಿನಾರು ಪುಟ ಒಮ್ಮೆಗೇ ಅಚ್ಚಾಗುತ್ತವೆ. ಅದಕ್ಕೆ ಫಾರಂ ಎನ್ನುತ್ತಾರೆ. ಮಡಿಸುವ ಮೊದಲು ಅದರಲ್ಲಿ ಪುಟಗಳು ಚೆಲ್ಲಾಪಿಲ್ಲಿ. ಒಂದರ ಪಕ್ಕ ಹದಿನಾರು, ಐದರ ಪಕ್ಕ ಹನ್ನೆರಡು, ನಾಲ್ಕರ ಪಕ್ಕ ಹದಿಮೂರು. ಮೂರು ಸಲ ಸರಿಯಾಗಿ ಮಡಿಸಿದರೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಓದುವವರು ಮಡಿಸದ ಹಾಳೆಯನ್ನು ನೋಡುವುದೇ ಇಲ್ಲ. ಮಡಿಸುವವರು ಓದುವುದಿಲ್ಲ, ಕೈ ನಿಲ್ಲಿಸಿ ಓದುತ್ತ ಕೂತರೆ ಸಂಜೆಗೆ ಲೆಕ್ಕ ಒಪ್ಪಿಸುವುದು ಹೇಗೆ?

ಅವತ್ತು ಅಂಟಕ್ಕ ಮಡಿಸದ ಹಾಳೆಯನ್ನು ಓದಿದಳು.

ತೆರಿಗೆ ಎಂಬ ಪದ ಕಣ್ಣಿಗೆ ಬಿತ್ತು. ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳುವುದನ್ನು ತಡೆಯುವ ಮಸೂದೆ. ಅದರ ಕೆಳಗೆ, ಮಸೂದೆಯ ಪರವಾಗಿ ಮತ ನೀಡಿದ ಸದಸ್ಯರು ಎಂದು ದಪ್ಪಕ್ಷರ, ಅದರಡಿ ಹೆಸರುಗಳ ಸಾಲು. ಪುಟದ ಕೊನೆಯವರೆಗೂ ಹುಡುಕಿದಳು, ಕೈಹಿಡಿಯೋ ಸಾಹೇಬರ ಹೆಸರಿಲ್ಲ. ಬಲಕ್ಕೆ ಕಣ್ಣು ಸರಿಯಿತು. ಅಲ್ಲೂ ಹೆಸರುಗಳು, ತಲೆಬರಹವಿಲ್ಲದೆ, ಮುಂದುವರಿದ ಹಾಗೆ. ಮೇಲಿನಿಂದ ಏಳನೆಯದು ಅವರದೇ ಹೆಸರು. ಪುಟಸಂಖ್ಯೆಗಳಿದ್ದ ಕೆಳ ಅಂಚಿನ ಮೇಲೆ, ಹಾಳೆ ಹಾರದಿರಲೆಂದು ಇಟ್ಟ ಮರದ ಹಲಗೆ ಇತ್ತು. ಹಲಗೆ ಇಲ್ಲದಿದ್ದರೂ ಅವಳು ನೋಡುತ್ತಿದ್ದಳೋ ಇಲ್ಲವೋ. ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಮಲಗಿದ್ದವನ ಬೆನ್ನೇ ಅವಳ ಕಣ್ಣಲ್ಲಿತ್ತು.

ಗಂಟೆ ಹೊಡೆಯಿತು. ಅವಳು ಓಡಿದಂತೆ ಮನೆಗೆ ಬಂದಳು.

"ರೀ, ಏಳಿ. ನಾನೇ ನೋಡಿದೆ. ಸಾಹೇಬರು ಮತ ಹಾಕಿದಾರೆ. ಆ ಕಿಂಡಿ ಮುಚ್ಚೋಕೆ."

ಅವನು ನಿಧಾನಕ್ಕೆ ಈ ಕಡೆ ತಿರುಗಿದ. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅಚ್ಚಾಗಿ ನನ್ನ ಮೇಜಿಗೆ ಬಂದಿದೆ. ಹೆಸರು ನೋಡಿದೀನಿ."

"ಅಚ್ಚಾಗಿದೆಯಾ?" ಪ್ರೆಸ್ಸಿನವನಿಗೆ ಅಚ್ಚಾದದ್ದರ ಮೇಲೆ ಒಂದು ನಂಬಿಕೆ. ಅವನು ಎದ್ದು ಕೂತ. ಸ್ವಲ್ಪ ಹೊತ್ತಿನ ಮೇಲೆ, "ಮೆಷಿನ್ನು ನಾಲ್ಕೂ ಕೆಟ್ಟಿರಲ್ಲ ಬಿಡು. ಬೀಗ ತೆಗೆದು, ಒರೆಸಿ, ನೀರಿನ ಪೈಪು ಹಾಕಿದ್ರೆ ಆಯ್ತು" ಎಂದ. ಗುರುವಾರ ಅವನೇ ಅಂಗಿ ಹಾಕಿಕೊಂಡು ಬಸ್ಸಿಗೆ ಹೊರಟ.

ಅವಳು ಬೀದಿಗೆಲ್ಲ ಹೇಳಿದಳು. ಇಸ್ತ್ರಿಯವಳಿಗೆ, ಬಟ್ಟೆ ಹೊಲಿಗೆಯವನಿಗೆ, ಹಾಲಿನಂಗಡಿಯ ಅಜ್ಜಿಗೆ, ಬಸ್ಸು ಹತ್ತುವ ಎಂಟು ಮನೆಗಳಿಗೆ. "ಪೇಪರ್ ನಂಬಲ್ಲ, ಟೀವಿ ನಂಬಲ್ಲ. ಅಂಟಕ್ಕ ನೋಡಿದಾಳೆ ಅಂದ್ರೆ ಮುಗೀತು" ಎಂದಳು ಇಸ್ತ್ರಿಯವಳು. ಸುದ್ದಿ ಮೈಕಣ್ಣನ ಕಿವಿಗೂ ಬಿತ್ತು. ಮೈಕಣ್ಣ ಎಂದರೆ ಸಾಹೇಬರ ಸಭೆಗೆ ಮೈಕು ಕಟ್ಟಿಸಿ, ಮೊದಲು ಮಾತಾಡಿ, ಜನ ಸೇರಿಸುವವನು. ಅವನು ಮನೆಗೇ ಬಂದ.

"ಅಕ್ಕಾ, ಮುಂದಿನ ಭಾನುವಾರ ಸಂಜೆ ಸಭೆ. ವೇದಿಕೆ ಮೇಲೆ ಬಂದು ನೀನು ನೋಡಿದ್ದು ಎರಡೇ ಮಾತು ಹೇಳ್ಬೇಕು."

"ಅಯ್ಯೋ, ನಾನೇನು ಮಾತಾಡ್ಲಿ ಮೈಕಣ್ಣ?"

"ನೋಡಿದ್ದನ್ನ ಹೇಳೋಕೆ ಭಯ ಯಾಕೆ? ಸಾಹೇಬರಿಗೆ ನಿಮ್ಮ ಯಜಮಾನರ ವಿಷಯ ಹೇಳಿದೀನಿ. ಹತ್ತಿರದ ಪ್ರೈವೇಟ್ ಆಸ್ಪತ್ರೆಗೆ ಒಂದು ಕಾಗದ ಬರೆದು ಕೊಡ್ತಾರೆ. ಬೀಗ ತೆಗೆಯೋವರೆಗೂ ಅಲ್ಲೇ ಮಾಡಿಸ್ಕೊಳ್ಳಿ. ಬಸ್ಸಿನ ತಾಪತ್ರಯ ಇರಲ್ಲ."

ಅವಳಿಗೆ ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು.

ಮರುದಿನ, ಸೋಮವಾರ, ಆ ಫಾರಂ ಮಡಿಸುವ ಸರದಿ ಬಂತು. ಮೊದಲ ಮಡಿಕೆ, ಎರಡನೆಯದು, ಮೂರನೆಯದು. ಬೆರಳು ತಾನಾಗಿ ಆ ಹೆಸರಿನ ಪುಟ ಹುಡುಕಿತು. ಇನ್ನೊಮ್ಮೆ ನೋಡಿ ಸಂತೋಷಪಡೋಣ ಎಂದು.

ನಾಲ್ಕನೆಯ ಪುಟ ಸಿಕ್ಕಿತು. ಪರವಾಗಿ ಮತ ನೀಡಿದವರು. ಎದುರು ಪುಟ ನೋಡಿದಳು. ಐದನೆಯ ಪುಟದಲ್ಲಿ ಆ ಪಟ್ಟಿ ಮುಗಿಯಿತು. ಸಾಹೇಬರ ಹೆಸರು ಅಲ್ಲಿರಲಿಲ್ಲ. ಇನ್ನೂ ತಿರುಗಿಸುತ್ತ ಹೋದಳು, ನಡುವೆ ಪರ ಹಾಕಿದವರು ಕೊಟ್ಟ ವಿವರಣೆಗಳು. ಹನ್ನೆರಡನೆಯ ಪುಟದ ಮಧ್ಯದಲ್ಲಿ ದಪ್ಪಕ್ಷರ: ಮಸೂದೆಯ ವಿರುದ್ಧ ಮತ ನೀಡಿದ ಸದಸ್ಯರು. ಅದರ ಎದುರಿಗೇ ಹದಿಮೂರು. ಮೇಲಿನಿಂದ ಏಳನೆಯ ಹೆಸರು.

ಅವಳು ಹಾಳೆಯನ್ನು ಬಿಚ್ಚಿದಳು. ಮತ್ತೆ ಮಡಿಸಿದಳು. ಮಡಿಕೆ ತಪ್ಪಿರಲಿ ದೇವರೇ ಎಂದುಕೊಂಡಳು. ಇಪ್ಪತ್ತಾರು ವರ್ಷದಲ್ಲಿ ತನ್ನ ಮಡಿಕೆ ತಪ್ಪಾಗಿರಲಿ ಎಂದು ಅವಳು ಬೇಡಿಕೊಂಡದ್ದು ಅದೊಂದೇ ಸಲ. ತಪ್ಪಿರಲಿಲ್ಲ.

ಕರಡು ತಿದ್ದುವ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ದಪ್ಪ ಕನ್ನಡಕ, ಮೃದುವಾದ ಮಾತು. ಅವಳಿಗೆ ಯಾವುದಾದರೂ ಪದ ತಿಳಿಯದಿದ್ದರೆ ಕಿರಿಕಿರಿಯಿಲ್ಲದೆ ಹೇಳಿಕೊಡುತ್ತಿದ್ದರು. ಅವಳು ಮಡಿಸಿದ ಫಾರಂ ಅವರ ಮುಂದಿಟ್ಟು, ಆದದ್ದನ್ನು ಹೇಳಿದಳು. ಅವರು ನಗಲಿಲ್ಲ. ಕುರ್ಚಿ ತೋರಿಸಿ, ನೀರು ಕೊಟ್ಟರು.

"ಮೇಷ್ಟ್ರೇ, ಒಂದು ಸಲ ಏನೋ ಕಾರಣಕ್ಕೆ ಹಾಗೆ ಹಾಕಿರಬಹುದಲ್ವಾ? ಹಿಂದೆಯೂ ಇಂಥ ಮಸೂದೆ ಬಂದಿತ್ತಾ?"

"ಬಂದಿತ್ತಮ್ಮ. ಇದು ಐದನೇ ಸಲ. ಬಾ, ಗೋದಾಮಿನಲ್ಲಿ ನೋಡೋಣ."

ನಾಲ್ಕು ಸಂಪುಟ ಇಳಿಸಿದರು. ನಾಲ್ಕನ್ನೂ ಹೊಲಿದವಳು ಅವಳೇ; ಬೆನ್ನಿನ ಗಂಟು ನೋಡಿಯೇ ಗುರುತು ಹಿಡಿದಳು. ಮೇಷ್ಟ್ರು ಪುಟ ತೆಗೆದು ತೆಗೆದು ತೋರಿಸಿದರು. ಕಂಪನಿಗಳು ಯಾವ ದೇಶದಲ್ಲಿ ಎಷ್ಟು ಲಾಭ ಮಾಡಿದವು ಎಂದು ಬಹಿರಂಗವಾಗಿ ಹೇಳಬೇಕೆಂಬ ನಿಯಮ: ವಿರುದ್ಧ. ಬೋರ್ಡಿನ ಹಿಂದಿರುವ ನಿಜವಾದ ಒಡೆಯ ಯಾರೆಂದು ಬರೆಸಬೇಕೆಂಬುದು: ಗೈರುಹಾಜರು. ಕಿಂಡಿ ಹೇಳಿಕೊಡುವ ಲೆಕ್ಕಿಗರಿಗೆ ದಂಡ: ವಿರುದ್ಧ. ಬೀಗ ಬಿದ್ದ ವರ್ಷದ್ದು: ಗೈರುಹಾಜರು. ಈ ವರ್ಷದ್ದು ಅವಳ ಕೈಯಲ್ಲೇ ಇತ್ತು.

"ಅವತ್ತು ಬಾಗಿಲ ಮುಂದೆ ನಿಂತು ಹಾಗೆ ಹೇಳಿದ್ರಲ್ಲ ಮೇಷ್ಟ್ರೇ."

"ಬಾಗಿಲ ಮುಂದೆ ಹೇಳಿದ್ದು ಜನಕ್ಕೆ ಕೇಳುತ್ತೆ. ಇಲ್ಲಿ ಹಾಕಿದ್ದು ಅಚ್ಚಾಗುತ್ತೆ, ಅಷ್ಟೇ."

"ಇದು ಗುಟ್ಟಾ? ನಾನು ಹೊರಗೆ ಹೇಳಬಾರದಾ?"

"ಗುಟ್ಟೇನು ಬಂತು. ಈ ವಾರ ಸದನದ ಜಾಲತಾಣಕ್ಕೂ ಹಾಕಿದಾರೆ. ಎದುರಿನ ಓದುವ ಕೋಣೆಯಲ್ಲಿ ಯಾರು ಬೇಕಾದರೂ ಕೇಳಿ ಓದಬಹುದು." ಮೇಷ್ಟ್ರು ಸಂಪುಟದ ಮೇಲಿನ ಧೂಳನ್ನು ತೋಳಿನಿಂದ ಒರೆಸಿದರು. "ಮೂವತ್ತೊಂದು ವರ್ಷದಿಂದ ಒಂದಕ್ಷರ ತಪ್ಪಾಗದ ಹಾಗೆ ತಿದ್ದುತಾ ಇದೀನಿ ತಾಯಿ. ಒಬ್ಬರೂ ಬಂದು ಕೇಳಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಲು ಅವಳಿಗೆ ಒಂದು ಇಡೀ ದಿನ ಹಿಡಿಯಿತು. ಮಂಗಳವಾರ ಸಂಜೆ ಅವನು ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಕೂತಿದ್ದಾಗ ಹೇಳಿದಳು. ಅವನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

"ನಾಲ್ಕರ ಪಕ್ಕ ಹದಿಮೂರು" ಎಂದ. ಎಂದು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ವೇ, ನಿನಗೆ ನಾನು ಮಡಿಕೆ ಹೇಳಿಕೊಟ್ಟಿದ್ದು ಮರೆತು ಹೋಯ್ತಾ? ಕೆಲಸಕ್ಕೆ ಸೇರಿದ ಮೊದಲನೇ ದಿನ ಮಾಡೋ ತಪ್ಪು ಇದು."

ಅವಳೂ ನಗಲು ನೋಡಿದಳು. ಅವನ ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ.

"ಕಾಗದ ಕೊಡ್ತಾರಂತೆ ರೀ. ಪ್ರೈವೇಟ್ ಆಸ್ಪತ್ರೆಗೆ. ಭಾನುವಾರ ನಾನು ಎರಡು ಮಾತು ಹೇಳಿದ್ರೆ."

"ಯಾವ ಎರಡು ಮಾತು?"

"ಮೊದಲು ಹೇಳಿದ್ನಲ್ಲ, ಅದನ್ನೇ."

ಅವನು ಬಹಳ ಹೊತ್ತು ತನ್ನ ಎಡಗೈಯನ್ನು ನೋಡಿಕೊಂಡ. "ನಿನ್ನಿಷ್ಟ ಕಣೇ" ಎಂದ.

ಗುರುವಾರ ಅವನು ಬಸ್ಸಿಗೆ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ, ಸುಸ್ತು" ಎಂದ. ಭಾನುವಾರದ ಹೊತ್ತಿಗೆ ಅವನ ಪಾದ ಊದಿ, ಚಪ್ಪಲಿ ಹಿಡಿಯುತ್ತಿರಲಿಲ್ಲ. ಅವಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾಲು ಒರೆಸುತ್ತ, ಮನಸ್ಸಿನಲ್ಲಿ ಆ ಎರಡು ಮಾತನ್ನು ಹತ್ತು ಸಲ ಹೇಳಿ ನೋಡಿದಳು. ನಾನು ಕಣ್ಣಾರೆ ನೋಡಿದೆ. ಸಾಹೇಬರು ಪರವಾಗಿ ಹಾಕಿದಾರೆ. ಎಷ್ಟು ಸುಲಭ. ಯಾರು ಹೋಗಿ ಪುಸ್ತಕ ತೆಗೆದು ನೋಡುತ್ತಾರೆ? ಕಾಗದ ಕೈಗೆ ಬಂದರೆ ಸೋಮವಾರವೇ ಆಟೋದಲ್ಲಿ ಕೂರಿಸಿ ಕರೆದುಕೊಂಡು ಹೋಗಬಹುದು. ಬರದಿದ್ದರೆ ಇವನು ಬಸ್ಸು ಹತ್ತುವುದಿಲ್ಲ.

ಸಂಜೆ ಹೊರಡುವಾಗ, ಕೆಲಸಕ್ಕೆ ಒಯ್ಯುವ ಊಟದ ಡಬ್ಬಿಗೆ ಸುತ್ತಿದ್ದ ಹಾಳೆ ಕಣ್ಣಿಗೆ ಬಿತ್ತು. ಮಸಿ ಮೆತ್ತಿಕೊಂಡು ಕೆಟ್ಟ ಹಾಳೆಗಳನ್ನು ಪ್ರೆಸ್ಸಿನವರೆಲ್ಲ ಹೀಗೆ ಡಬ್ಬಿ ಸುತ್ತಲು ತರುತ್ತಿದ್ದರು, ಯಾರೂ ಬೇಡ ಎನ್ನುತ್ತಿರಲಿಲ್ಲ. ಶನಿವಾರ ತಂದದ್ದು ಆ ಫಾರಮ್ಮಿನದೇ ಒಂದು ಕೆಟ್ಟ ಹಾಳೆ. ಬೇಕೆಂದೇ ಅದನ್ನು ಆರಿಸಿ ತಂದಿದ್ದಳೋ, ಕೈಗೆ ಸಿಕ್ಕದ್ದೋ, ಅವಳಿಗೇ ಹೇಳಲು ಬರುತ್ತಿರಲಿಲ್ಲ. ಬಿಚ್ಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೀಗ ಹಾಕಿದ ಕೋಣೆಯ ಮುಂದೆಯೇ ವೇದಿಕೆ. ಬೀದಿ ತುಂಬಿತ್ತು. ಮೈಕಣ್ಣ ಅವಳನ್ನು ಕೈಹಿಡಿದು ಹತ್ತಿಸಿದ. ಅವನ ಅಂಗಿಯ ಜೇಬಿನಲ್ಲಿ ಬಿಳಿ ಲಕೋಟೆಯೊಂದರ ಮೂಲೆ ಕಾಣುತ್ತಿತ್ತು. ಅವಳು ನೋಡಿದ್ದನ್ನು ನೋಡಿ, ಅವನು ಜೇಬನ್ನು ಮೆಲ್ಲಗೆ ತಟ್ಟಿಕೊಂಡ.

"ನಿಮ್ಮ ಬೀದಿಯವರೇ, ನಿಮ್ಮ ಅಂಟಕ್ಕನೇ ಹೇಳ್ತಾರೆ, ಕೇಳಿ" ಎಂದ ಮೈಕಿನಲ್ಲಿ.

ಮುಂದಿನ ಸಾಲಿನಲ್ಲಿ ಬಸ್ಸು ಹತ್ತುವ ಎಂಟು ಮನೆಯವರೂ ಕೂತಿದ್ದರು. ಅವರಲ್ಲಿ ಹಾಲಿನಂಗಡಿಯ ಅಜ್ಜಿಯ ಮಗಳು, ಇನ್ನೂ ಮೂವತ್ತು ತುಂಬದವಳು, ಊದಿದ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದಳು. ನೋಡುತ್ತ, ಹೆದರಬೇಡ ಎಂಬಂತೆ ಒಂದಿಷ್ಟು ನಕ್ಕಳು.

"ನಾನು ನಿಮಗೆಲ್ಲ ಒಂದು ಮಾತು ಹೇಳಿದ್ದೆ" ಎಂದಳು ಅಂಟಕ್ಕ. "ಅದು ತಪ್ಪು. ನಾನು ಮಡಿಸದೇ ಇರೋ ಹಾಳೆ ಓದಿಬಿಟ್ಟೆ."

ಜನಕ್ಕೆ ಅರ್ಥವಾಗಲಿಲ್ಲ. ಅವಳು ಸೊಂಟದಿಂದ ಹಾಳೆ ತೆಗೆದು ಅಗಲಿಸಿ ಹಿಡಿದಳು.

"ಇದು ಹೀಗೆ ಬರುತ್ತೆ. ಇಲ್ಲಿ ಪರ ಅಂತಿದೆ. ಪಕ್ಕದಲ್ಲೇ ಸಾಹೇಬರ ಹೆಸರಿದೆ. ನಾನು ಇಷ್ಟೇ ನೋಡಿದ್ದು. ಈಗ ನೋಡಿ." ಮಾತಿಗೆ ತಡವರಿಸುತ್ತಿದ್ದವಳ ಕೈ ಮಾತ್ರ ತಡವರಿಸಲಿಲ್ಲ. ಒಂದು ಮಡಿಕೆ, ಎರಡು, ಮೂರು. ಬೆರಳಿನಿಂದ ಅಂಚು ಅಗಲಿಸಿ ಪುಟ ತೆರೆದಳು. "ಇದು ನಾಲ್ಕು. ಇದು ಹದಿಮೂರು. ಇವರ ಹೆಸರು ಇರೋದು ವಿರುದ್ಧ ಅನ್ನೋ ಪಟ್ಟೀಲಿ. ಹಳೇ ಪುಸ್ತಕಾನೂ ನೋಡಿದೆ. ಐದು ಸಲ ಇಂಥದ್ದು ಬಂದಿದೆ. ಮೂರು ಸಲ ವಿರುದ್ಧ ಹಾಕಿದಾರೆ. ಎರಡು ಸಲ ಬಂದೇ ಇಲ್ಲ. ಒಂದು ಸಲಾನೂ ಪರ ಹಾಕಿಲ್ಲ."

ಸಾಹೇಬರು ಎದ್ದು ಬಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ನಗು ಹಾಗೇ ಇತ್ತು. ಅವಳ ಕೈ ಹಿಡಿದುಕೊಂಡರು. "ಅಕ್ಕ, ಇದೆಲ್ಲ ಬಹಳ ಸೂಕ್ಷ್ಮದ ವಿಷಯ. ಮಸೂದೆ ಸರಿಯಾಗಿರಲಿಲ್ಲ. ಪಕ್ಷದ ಆದೇಶ ಅಂತ ಒಂದಿರುತ್ತೆ. ನಿಮಗೆ ಇದು ಅರ್ಥ ಆಗೋದು ಕಷ್ಟ."

"ಇರಬಹುದು ಸ್ವಾಮಿ. ಹಾಗಂತಲೇ ಈ ಬಾಗಿಲ ಮುಂದೆ ನಿಂತು ಹೇಳಬೇಕಿತ್ತು" ಎಂದಳು. ಆಮೇಲೆ ಮೆಲ್ಲಗೆ, ಅವರೊಬ್ಬರಿಗೇ ಕೇಳುವ ಹಾಗೆ, "ಕೈ ಬಿಡಿ" ಎಂದಳು.

ಅಷ್ಟರಲ್ಲಿ ಮೈಕು ನಿಂತುಹೋಗಿತ್ತು. ಅವಳು ಇಳಿಯುವಾಗ ಮೈಕಣ್ಣನ ಜೇಬು ಅವಳ ಕಣ್ಣಿನ ಮಟ್ಟಕ್ಕೆ ಬಂತು. ಲಕೋಟೆ ಇನ್ನೂ ಅಲ್ಲೇ ಇತ್ತು.

ಯಾರೂ ಕೂಗಾಡಲಿಲ್ಲ. ಇಸ್ತ್ರಿಯವಳು ಎದ್ದು ಬಂದು, "ಕೊಡಿಲ್ಲಿ" ಎಂದು ಹಾಳೆ ತೆಗೆದುಕೊಂಡಳು. ಬಿಚ್ಚಿ ನೋಡಿದಳು, ಮಡಿಸಿ ನೋಡಿದಳು. ಬಟ್ಟೆ ಮಡಿಸುವ ಕೈ, ಬೇಗ ಹಿಡಿತಕ್ಕೆ ಬಂತು. ಪಕ್ಕದವರಿಗೆ ದಾಟಿಸಿದಳು. ಅವರೂ ಬಿಚ್ಚಿ ಮಡಿಸಿದರು. ವೇದಿಕೆಯ ಮೇಲೆ ಭಾಷಣ ಮುಂದುವರಿಯಿತು. ಕೆಳಗೆ ಹಾಳೆ ಕೈಯಿಂದ ಕೈಗೆ ಹೋಗುತ್ತಲೇ ಇತ್ತು, ಮಡಿಕೆಯ ಜಾಗದಲ್ಲಿ ಹರಿಯುವವರೆಗೂ.

ಸಭೆಯ ಸದ್ದು ಮನೆಯ ಕಿಟಕಿಗೆ ಚೆನ್ನಾಗಿ ಕೇಳುತ್ತಿತ್ತು. ಸೋಮವಾರ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಗಂಡ ಅಂಗಿ ಹಾಕಿಕೊಂಡು, ಚಪ್ಪಲಿ ಹಿಡಿಯದ ಕಾಲಿಗೆ ಅವಳ ಹಳೆಯ ಸ್ಲಿಪ್ಪರು ಸಿಕ್ಕಿಸಿಕೊಂಡು ಕೂತಿದ್ದ.

"ಇವತ್ತು ನಿಮ್ಮ ಸರದಿ ಅಲ್ವಲ್ಲ ರೀ."

"ಕೇಳಿ ನೋಡೋಣ ನಡಿ. ಅಷ್ಟು ಜನದ ಮುಂದೆ ನೀನು ನಿಂತೆ. ನಾನು ಬಸ್ಸಲ್ಲಿ ಕೂರಲಾರೆನಾ?"

ಬಸ್ಸಿನಲ್ಲಿ ಅವನಿಗೆ ಏದುಸಿರು ಹತ್ತಿತು. ದೊಡ್ಡಾಸ್ಪತ್ರೆಯವರು ನೋಡಿದವರೇ ಒಳಗೆ ಸೇರಿಸಿಕೊಂಡರು. ಎದೆಯಲ್ಲಿ ನೀರು ತುಂಬಿತ್ತು. ಎರಡು ಸಲ ತಪ್ಪಿಸಿದ್ದರಿಂದ ಹೃದಯಕ್ಕೆ ಪೆಟ್ಟಾಗಿದೆ, ಮನೆಗೆ ಯಾವಾಗ ಎಂದು ಈಗ ಹೇಳಲಾಗದು ಎಂದರು ಡಾಕ್ಟರು. ಹೇಳುವಾಗ ಅವಳ ಮುಖ ನೋಡಲಿಲ್ಲ. ಅವರಿನ್ನೂ ಚಿಕ್ಕ ವಯಸ್ಸಿನವರು.

ಬುಧವಾರ ಅವಳು ಪ್ರೆಸ್ಸಿಗೆ ಹೋದಳು. ಗೇಟಿನಲ್ಲೇ ಗುತ್ತಿಗೆ ಆಳುಗಳ ಮೇಸ್ತ್ರಿ ನಿಂತಿದ್ದ.

"ಒಳಗೆ ಬರಬೇಡಕ್ಕ. ಪ್ರೆಸ್ಸಿನ ಹಾಳೆ ಹೊರಗೆ ಒಯ್ದಿದ್ದು ಕಳ್ಳತನ ಅಂತ ಮೇಲಿನಿಂದ ಬರೆದು ಕಳಿಸಿದಾರೆ."

"ಕೆಟ್ಟ ಹಾಳೆ ಅದು. ನಿನ್ನ ಡಬ್ಬಿಗೂ ಅದನ್ನೇ ಸುತ್ತಿದೀಯಲ್ಲ."

ಮೇಸ್ತ್ರಿ ತನ್ನ ಕೈಯಲ್ಲಿದ್ದ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಅವನ ಕಣ್ಣು ಕೆಂಪಗಾಗಿತ್ತು. "ಗೊತ್ತು ಅಕ್ಕ" ಎಂದ. "ನನ್ನ ಕೈಲೇ ಹೇಳಿಸ್ತಿದಾರೆ. ಹೇಳದಿದ್ರೆ ನಾನೂ ಇಲ್ಲ."

ಅವಳು ತಿರುಗಿ ರಸ್ತೆಗೆ ಬಂದಳು. ಎದುರಿಗೆ ಸದನದ ಓದುವ ಕೋಣೆ. ಅದರ ಬಾಗಿಲಲ್ಲಿ ಜಗಳದಂಥದ್ದು ಕೇಳಿ ನಿಂತಳು. ಇಸ್ತ್ರಿಯವಳು, ಹೊಲಿಗೆಯವನು, ಹಾಲಿನಂಗಡಿಯ ಅಜ್ಜಿ, ಹಿಂದೆ ಇನ್ನೂ ಐದಾರು ಜನ.

"ಯಾರನ್ನ ನೋಡಬೇಕು?" ಎನ್ನುತ್ತಿದ್ದ ಬಾಗಿಲ ಗುಮಾಸ್ತ.

"ಯಾರನ್ನೂ ಇಲ್ಲಪ್ಪ. ಪುಸ್ತಕ ಬೇಕು."

"ಯಾವ ಪುಸ್ತಕ?"

"ಐದು ಪುಸ್ತಕ. ನಮ್ಮ ಸಾಹೇಬರು ಯಾವ್ಯಾವುದಕ್ಕೆ ಕೈ ಎತ್ತಿದಾರೆ ಅಂತ ನೋಡಬೇಕು" ಎಂದಳು ಇಸ್ತ್ರಿಯವಳು. "ತೆರಿಗೇದು ಒಂದೇ ಅಲ್ಲ, ಎಲ್ಲಾನೂ. ನಾವು ಕೂತ್ಕೋತೀವಿ, ನೀವು ಹುಡುಕಿ."

ಅಜ್ಜಿ ಆಗಲೇ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಓದಲು ಬಾರದವಳು, ಸೆರಗಿನಿಂದ ಮೇಜು ಒರೆಸುತ್ತಿದ್ದಳು. ಅಂಟಕ್ಕ ಅವರನ್ನು ಕರೆಯಲಿಲ್ಲ. ಕರೆದಿದ್ದರೆ ಗೇಟಿನಲ್ಲಿ ಆದದ್ದನ್ನು ಹೇಳಬೇಕಾಗುತ್ತಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಆಗಷ್ಟೇ ಯಂತ್ರದಿಂದ ಬಿಡಿಸಿ ಗಂಡನನ್ನು ಮಂಚಕ್ಕೆ ತಂದಿದ್ದರು. ಮುಖ ಕಾಗದದ ಹಾಗೆ ಬೆಳ್ಳಗಿತ್ತು. ಅವಳು ಸ್ಟೂಲಿನ ಮೇಲೆ ಕೂತು, ಹೊದಿಕೆಯ ಮಡಿಕೆ ಸರಿಮಾಡಿದಳು.

"ಬೀದಿಯವರು ಓದೋಕೆ ಹೋಗಿದಾರೆ ರೀ" ಎಂದಳು. "ಐದೂ ಪುಸ್ತಕ ಕೇಳ್ತಿದಾರೆ. ಅಜ್ಜೀನೂ ಕೂತಿದಾಳೆ."

"ಹೌದಾ?" ಅವನ ತುಟಿಯ ಅಂಚು ಸಡಿಲವಾಯಿತು. "ಹಾಗಾದ್ರೆ ಮೇಷ್ಟ್ರು ಇವತ್ತು ಊಟಾನೂ ಮಾಡಲ್ಲ, ಖುಷೀಲಿ."

ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಉಸಿರಾಡಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ.

"ಇವತ್ತು ಯಾವ ವಾರ?"

"ಬುಧವಾರ."

ಗಡಿಯಾರದಲ್ಲಿ ಹನ್ನೆರಡೂವರೆ. ಅವಳು ಹೊಲಿಗೆಯ ಮೇಜಿನ ಮುಂದೆ ಇರಬೇಕಾದ ಹೊತ್ತು. ಅವನು ಅವಳ ಮುಖ ನೋಡಿದ, ಕೈ ನೋಡಿದ. ಉಗುರಿನಲ್ಲಿ ಹಸಿ ಅಂಟಿರಲಿಲ್ಲ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಸ್ಪತ್ರೆಯ ಹೆಂಗಸು ತಟ್ಟೆ ತಂದು ಮಂಚದ ಪಕ್ಕದಲ್ಲಿಟ್ಟು ಹೋದಳು. ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ, ಚೂರು ಅನ್ನ. ಗಂಡ ಸೂಜಿ ಚುಚ್ಚದ ಕೈಯಿಂದ ಮೊಟ್ಟೆಯ ಸಿಪ್ಪೆ ಸುಲಿದ. ನಿಧಾನವಾಗಿ ಸುಲಿದ, ಸಿಪ್ಪೆಯ ಒಂದು ಚೂರೂ ಉಳಿಯದ ಹಾಗೆ. ಅದನ್ನು ಅನ್ನದ ಮೇಲಿಟ್ಟು, ತಟ್ಟೆಯನ್ನು ಅವಳ ಮಡಿಲ ಕಡೆ ಸರಿಸಿದ.